ಶಿರಸಿಯೋ ಸಾಗರವೋ: ಎರಡು ದಿನದ ರಜೆಗೆ ಅಡಿಕೆ ಊರು ಆರಿಸುವ ಕ್ರಮ

ಶಿರಸಿಗೂ ಸಾಗರಕ್ಕೂ ನಡುವೆ ಸುಮಾರು 70 ಕಿಲೋಮೀಟರ್. ಎರಡೂ ಅಡಿಕೆಯ ಮೇಲೆ ನಿಂತ ಊರುಗಳು. ಎರಡರಲ್ಲೂ ಮಾರಿಕಾಂಬೆಯ ಗುಡಿಯಿದೆ, ಎಪಿಎಂಸಿ ಯಾರ್ಡ್ ಇದೆ, ಅಪ್ಪೆಮಿಡಿಯ, ಅಂದರೆ ಪರಿಮಳದ ಎಳೆ ಮಾವಿನ, ಉಪ್ಪಿನಕಾಯಿ ಸಿಗುತ್ತದೆ. ಮಳೆಗಾಲ ಬಂತೆಂದರೆ ಎರಡೂ ಕಡೆ ಅಡಿಕೆ ಕಾಯಿ ಉದುರಿಸುವ ಕೊಳೆರೋಗದ್ದೇ ಮಾತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುವುದರಿಂದ, ಶನಿವಾರ ಒಂದು, ಭಾನುವಾರ ಇನ್ನೊಂದು ಎಂದು ಲೆಕ್ಕ ಹಾಕಿ ಹೊರಡುತ್ತಾರೆ. ಈ ಲೆಕ್ಕ ತಪ್ಪುವುದು ದೂರದಿಂದಲ್ಲ. ಶಿರಸಿಯ ಜಾಗಗಳು ಊರಿನ ನಾಲ್ಕು ದಿಕ್ಕಿಗೆ ಚದುರಿವೆ, ಸಾಗರದವು ಊರಿನ ಸೆರಗಿಗೇ ಅಂಟಿಕೊಂಡಿವೆ. ಎರಡನ್ನೂ ಬೆರೆಸಿದರೆ ರಜೆಯ ಅರ್ಧ ಕಾರಿನ ಸೀಟಿನ ಮೇಲೆ ಕಳೆಯುತ್ತದೆ, ಅಡಿಕೆ ಊರು ಅಂದರೇನು ಅನ್ನುವುದು ಒಂದು ಕಡೆಯೂ ಕಣ್ಣಿಗೆ ಬೀಳುವುದಿಲ್ಲ.

ಒಂದನ್ನು ಆರಿಸಿ. ಜಲಪಾತಗಳ ಪಟ್ಟಿ ನೋಡಿ ಆರಿಸಬೇಡಿ. ಹೇಗೆ ಬರುತ್ತೀರಿ, ಯಾವ ತಿಂಗಳು ಬರುತ್ತೀರಿ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದಂತೆಯೇ.

ಮೊದಲು: ವಾಹನ ಇದೆಯೋ ಇಲ್ಲವೋ

ಸ್ವಂತ ವಾಹನ ಇಲ್ಲದವರಿಗೆ ಸಾಗರ. ಇದರಲ್ಲಿ ಹೆಚ್ಚು ಯೋಚಿಸುವಂಥದ್ದೇನೂ ಇಲ್ಲ.

ಮೈಸೂರಿನಿಂದ ಬೆಂಗಳೂರು, ಶಿವಮೊಗ್ಗ ಹಾದು ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಿಗ್ಗೆ ಸಾಗರದಲ್ಲಿ ಇಳಿಸುತ್ತದೆ. ಟಿಕೆಟ್ ಮಾಡುವಾಗ ಒಂದು ಎಚ್ಚರ ಬೇಕು. ಇಲ್ಲಿನ ನಿಲ್ದಾಣದ ಹೆಸರು ‘ಸಾಗರ ಜಂಬಗಾರು’. ಬರೀ ‘ಸಾಗರ’ ಎಂದು ಹುಡುಕಿದರೆ ಮಧ್ಯಪ್ರದೇಶದ ಊರೂ ಎದುರಿಗೆ ಬರುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿಲೋಮೀಟರ್ ಚಿಲ್ಲರೆ, ದಿನವಿಡೀ ಬಸ್ಸು. ಇಕ್ಕೇರಿ, ಕೆಳದಿ, ಹೆಗ್ಗೋಡು, ವರದಾಮೂಲ ಎಲ್ಲವೂ ಪೇಟೆಯಿಂದ ಹತ್ತು ಕಿಲೋಮೀಟರ್ ಆಸುಪಾಸಿನೊಳಗೆ. ಆಟೋ ಮಾಡಿಕೊಂಡರೂ ಒಂದು ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ಜೋಗ 30 ಕಿಲೋಮೀಟರ್, ಅದಕ್ಕೂ ಬಸ್ಸಿದೆ.

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸೇ ಗತಿ. ಹುಬ್ಬಳ್ಳಿಯವರಿಗೆ ಮಾತ್ರ ಲೆಕ್ಕ ಉಲ್ಟಾ: ಅಲ್ಲಿಂದ ನೂರು ಕಿಲೋಮೀಟರ್ ಚಿಲ್ಲರೆ, ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಶಿರಸಿ. ರೈಲಿನಲ್ಲಿ ಬರುವವರು ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು. ಕರಾವಳಿ ಕಡೆಯವರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಾರೆ. ಆ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ನಡೆದಿದೆ, ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಬರುವುದಾದರೆ ಹಿಂದಿನ ದಿನ ಶಿರಸಿಯಲ್ಲೋ ಕುಮಟಾದಲ್ಲೋ ಯಾರನ್ನಾದರೂ ವಿಚಾರಿಸಿಕೊಂಡೇ ಹೊರಡಿ. ಮ್ಯಾಪು ಘಟ್ಟ ಬಂದಾದದ್ದನ್ನು ತಡವಾಗಿ ತಿಳಿಯುತ್ತದೆ.

ಬಸ್ಸಿನಲ್ಲಿ ಬಂದು ಶಿರಸಿ ನೋಡುವುದು ಸಾಧ್ಯವೇ ಇಲ್ಲವೆಂದಲ್ಲ. ಬನವಾಸಿಗೆ ಬಸ್ಸು ಚೆನ್ನಾಗಿದೆ, ಸೋಂದೆ ಕಡೆಗೂ ಸಿಗುತ್ತದೆ. ಆದರೆ ಯಾಣ, ಉಂಚಳ್ಳಿ ಕಡೆ ಬಸ್ಸನ್ನು ನಂಬಿ ಹೋದರೆ ಹಿಂತಿರುಗುವ ಬಸ್ಸಿಗಾಗಿ ಸಂಜೆಯೆಲ್ಲ ಕಾಯಬೇಕಾಗುತ್ತದೆ. ನಾಲ್ಕು ಜನ ಸೇರಿ ಊರಿನಲ್ಲೇ ಒಂದು ದಿನದ ಮಟ್ಟಿಗೆ ಟ್ಯಾಕ್ಸಿ ಮಾಡಿಕೊಳ್ಳುವುದು ಒಳ್ಳೆಯದು. ಹೊರಡುವ ಮೊದಲೇ ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ಕಾಯುವ ಹೊತ್ತಿಗೆ ಬೇರೆ ದುಡ್ಡೋ ಎಂದು ಮಾತಾಡಿಕೊಳ್ಳಿ.

ಎರಡನೆಯದು: ಯಾವ ತಿಂಗಳು

ತಿಂಗಳು ಸರಿಯಾಗದಿದ್ದರೆ ಎಷ್ಟು ಒಳ್ಳೆಯ ಜಾಗವೂ ಬೇಸರ ತರುತ್ತದೆ. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಜೂನ್, ಜುಲೈ, ಆಗಸ್ಟ್: ಮಳೆ ನೋಡಲೆಂದೇ ಬರುವವರಿಗೆ ಎರಡೂ ಊರು ಸರಿ. ಆದರೆ ಶಿರಸಿಯ ಸಹಸ್ರಲಿಂಗ ಈಗ ನೋಡಲು ಸಿಗುವುದಿಲ್ಲ. ಲಿಂಗಗಳಿರುವುದು ಶಾಲ್ಮಲಾ ನದಿಯ ಪಾತ್ರದಲ್ಲೇ ಆದ್ದರಿಂದ ಹೊಳೆ ತುಂಬಿದಾಗ ಎಲ್ಲವೂ ನೀರಿನಡಿ. ಜೋಗದಲ್ಲಿ ನೀರು ಇರುತ್ತದೆ, ಆದರೆ ಮಂಜು ಮುಚ್ಚಿಕೊಂಡರೆ ಸದ್ದು ಮಾತ್ರ ಕೇಳುತ್ತದೆ. ಒಂದೆರಡು ಗಂಟೆ ಕಾಯುವ ತಾಳ್ಮೆ ಇದ್ದರೆ ಗಾಳಿ ಬೀಸಿದಾಗ ತೆರೆ ಸರಿಯುತ್ತದೆ. ಹತ್ತು ನಿಮಿಷ ನಿಂತು ಬೈದುಕೊಂಡು ಹೋಗುವವರೇ ಹೆಚ್ಚು. ಅಡಿಕೆ ತೋಟದಲ್ಲಿ ಇದು ಬೋರ್ಡೋ ದ್ರಾವಣ ಹೊಡೆಯುವ ಕಾಲ. ಕೊಳೆರೋಗದ ಭಯದಲ್ಲಿ ಮಳೆ ಬಿಡುವು ಕೊಟ್ಟ ಗಳಿಗೆಗೆ ಕಾಯುತ್ತಿರುವ ಮನೆಯವರಿಗೆ ನಿಮ್ಮ ಜೊತೆ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್: ಸಾಗರದ ತಿಂಗಳು. ಮಳೆ ಇಳಿದಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಜೋಗ ಕಾಣುತ್ತದೆ. ಜೋಗದ ನೀರಿನ ಗುಟ್ಟು ಮಳೆಗಿಂತ ಲಿಂಗನಮಕ್ಕಿಯಲ್ಲಿದೆ. 1964ರಲ್ಲಿ ಮುಗಿದ ಆ ಅಣೆಕಟ್ಟು ಶರಾವತಿಯನ್ನು ಜಲಪಾತಕ್ಕಿಂತ ಮೇಲೆಯೇ ಹಿಡಿದು ವಿದ್ಯುತ್ತಿಗೆ ತಿರುಗಿಸುತ್ತದೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಟ್ಟ ಅದರ ಹತ್ತಿರ ಬಂದು ಗೇಟು ತೆಗೆದರೆ ಜೋಗ ಮೈತುಂಬಿ ಬೀಳುತ್ತದೆ, ಇಲ್ಲವಾದರೆ ಕೆಳಗಿನ ಹಳ್ಳಗಳ ನೀರಷ್ಟೇ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳಲ್ಲಿ ಜಲಾಶಯದ ಮಟ್ಟ ದಿನವೂ ಬರುತ್ತದೆ. ಹೊರಡುವ ಮುಂಚೆ ಆ ಒಂದು ಸಾಲು ಓದಿಕೊಂಡರೆ ಸಾಕು.

ನವೆಂಬರ್‌ನಿಂದ ಜನವರಿ: ಅಡಿಕೆ ಕೊಯ್ಲು. ಎರಡೂ ಊರಿಗೆ ಇದೇ ನಿಜವಾದ ಹಂಗಾಮು, ನಮ್ಮನ್ನು ಕೇಳಿದರೆ ಇದೇ ಬರಬೇಕಾದ ಕಾಲ. ಮುಂದಿನ ಭಾಗದಲ್ಲಿ ವಿವರ ಇದೆ. ಸಹಸ್ರಲಿಂಗ, ಯಾಣ, ಬನವಾಸಿಗೂ ಹದವಾದ ಹವೆ. ತೂಕ ಸ್ವಲ್ಪ ಶಿರಸಿಯ ಕಡೆ.

ಜನವರಿ ಕೊನೆಯಿಂದ ಮಾರ್ಚ್: ಆಲೆಮನೆಯ ಕಾಲ. ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ, ಜೋನಿ ಬೆಲ್ಲ (ನೀರು ಬೆಲ್ಲ) ಇಳಿಸುವ ಕೆಲಸ ಶಿರಸಿ, ಸಿದ್ದಾಪುರ, ಸಾಗರ ಮೂರೂ ತಾಲ್ಲೂಕಿನಲ್ಲಿ ನಡೆಯುತ್ತದೆ. ಇದೇ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ಎಚ್ಚರವೂ ಬೇಕು, ಅದನ್ನು ಕೊನೆಯಲ್ಲಿ ಹೇಳಿದೆ.

ಏಪ್ರಿಲ್, ಮೇ: ಜಲಪಾತಕ್ಕೆ ಬರಬೇಡಿ. ಹಲಸು ತಿನ್ನಲು, ಹಪ್ಪಳ ಒಣಗಿಸುವುದನ್ನು ನೋಡಲು, ಬನವಾಸಿ ಸುತ್ತಿನ ಅನಾನಸ್ ಹೊಲ ನೋಡಲು ಬನ್ನಿ.

ಇನ್ನು ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಎರಡೂ ಫೆಬ್ರವರಿ–ಮಾರ್ಚ್ ಆಸುಪಾಸಿನಲ್ಲಿ. 2020ರಲ್ಲಿ ಎರಡೂ ಒಂದೇ ವರ್ಷಕ್ಕೆ ಬಂದಿದ್ದವು, 2026 ಕೂಡ ಅಂಥದ್ದೇ ವರ್ಷ. ಜಾತ್ರೆಗೆಂದೇ ಬರುವವರಿಗೆ ಬೇರೆ ಮಾತು. ಉಳಿದವರು ಆ ವಾರ ಆ ಊರನ್ನು ಬಿಡಿ, ರೂಮು ಸಿಗುವುದಿಲ್ಲ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಶಿರಸಿಯಲ್ಲಿ ಜಾತ್ರೆ ಮುಗಿದ ಮೇಲೆ ದೇವಿ ಗುಡಿಯಲ್ಲಿ ಮತ್ತೆ ಪ್ರತಿಷ್ಠೆಯಾಗುವುದು ಯುಗಾದಿಗೆ. ನಡುವಿನ ದಿನಗಳಲ್ಲಿ ಹೋದರೆ ದೇವಿಯ ದರ್ಶನ ಆಗುವುದಿಲ್ಲ. ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ರಾತ್ರಿ ಬೇಡರ ವೇಷ ಕುಣಿಯುತ್ತದೆ. ಬೇರೆಲ್ಲೂ ಅಷ್ಟು ಜೋರಾಗಿ ನೋಡಲು ಸಿಗದ ಆಟ ಅದು, ರಜೆಯನ್ನು ಅದಕ್ಕೇ ಹೊಂದಿಸಿಕೊಂಡರೂ ನಷ್ಟವಿಲ್ಲ.

ಮೂರನೆಯದು: ಅಡಿಕೆ ನೋಡಬೇಕೇ?

ಅಡಿಕೆ ಊರಿಗೆ ಬಂದು ಅಡಿಕೆ ಕೆಲಸ ನೋಡದೆ ಹೋಗುವವರೇ ಹೆಚ್ಚು. ನೋಡುವ ಮನಸ್ಸಿದ್ದರೆ ಏನು, ಯಾವಾಗ ಎಂದು ಮೊದಲೇ ತಿಳಿದಿರಬೇಕು.

ಕೆಂಪಡಿಕೆಗೆ ಕಾಯಿ ಹಣ್ಣಾಗುವ ಮೊದಲೇ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾರೆ. ಮರದಿಂದ ಮರಕ್ಕೆ ದಾಟುತ್ತ ಕೊಯ್ಯುವ ಕೊನೆಗೌಡ ಮೇಲಿಂದ ಹಗ್ಗದಲ್ಲಿ ಜಾರಿಸಿದ ಕೊನೆಯನ್ನು ಕೆಳಗಿನವನು ಹಿಡಿಯುತ್ತಾನೆ. ಈಚೆಗೆ ಆಳು ಸಿಗದೆ ಬಹಳ ತೋಟಗಳಲ್ಲಿ ನೆಲದ ಮೇಲೆ ನಿಂತು ಫೈಬರ್ ದೋಟಿಯಲ್ಲಿ ಕೊಯ್ಯುತ್ತಾರೆ. ಮರ ಹತ್ತುವುದನ್ನೇ ನೋಡಬೇಕೆಂದಿದ್ದರೆ ಉಳಿಯುವ ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಇಳಿಸಿದ್ದನ್ನು ಮೆಟ್ಟುಗತ್ತಿಯಲ್ಲೋ ಯಂತ್ರದಲ್ಲೋ ಸುಲಿದು, ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಹಾಕಿ ಬೇಯಿಸಿ, ಬಿಸಿಲಿಗೆಂದು ಹೊರಗೆ ಕಟ್ಟಿದ ಅಟ್ಟದ ಮೇಲೆ ಒಣಗಿಸುತ್ತಾರೆ. ಸುಲಿಯುವ ಕೆಲಸ ಎಷ್ಟೋ ಮನೆಗಳಲ್ಲಿ ರಾತ್ರಿಯವರೆಗೂ ನಡೆಯುತ್ತದೆ. ಬೇಯಿಸುವುದನ್ನು ನೋಡಲು ಬೆಳಿಗ್ಗೆ ಬೇಗ ಏಳಬೇಕು, ಬಿಸಿಲು ಏರುವ ಮೊದಲೇ ಅಡಿಕೆ ಅಟ್ಟ ಸೇರಬೇಕಲ್ಲ. ಈ ದಿನಗಳಲ್ಲಿ ಅಕಾಲದ ಮಳೆ ಬಂದರೆ ಒಣಗುತ್ತಿದ್ದುದಕ್ಕೆ ಬೂಸ್ಟು ಹಿಡಿದು ದರ ಕುಸಿಯುತ್ತದೆ. ಮೋಡ ಕವಿದ ದಿನ ಮನೆಯವರ ಮುಖ ಗಂಭೀರವಾಗಿದ್ದರೆ ಅತಿಥಿಗಳ ಮೇಲಿನ ಸಿಟ್ಟು ಎಂದುಕೊಳ್ಳಬೇಡಿ.

ಚಾಲಿ ಅಡಿಕೆಯ ದಾರಿ ಬೇರೆ. ಕಾಯಿ ಹಣ್ಣಾದ ಮೇಲೆ ಕೊಯ್ದು, ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ, ಒಂದೂವರೆ ತಿಂಗಳಷ್ಟು ಬಿಸಿಲಿಗೆ ಒಣಗಿಸಿ, ಆಮೇಲೆ ಸುಲಿಯುವುದು. ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಅಂಗಳವೆಲ್ಲ ಕಿತ್ತಳೆ ಬಣ್ಣದಿಂದ ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗುತ್ತಿರುತ್ತದೆ. ಸಾಗರದ ಸೀಮೆಯಲ್ಲಿ ಕೆಂಪಡಿಕೆ ಮುಂದು, ಶಿರಸಿ ಕಡೆ ಚಾಲಿಯ ಪಾಲು ದೊಡ್ಡದು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಹಾಗಾಗಿ ಬೇಯಿಸುವುದು ನೋಡಬೇಕಾದರೆ ನವೆಂಬರ್–ಡಿಸೆಂಬರ್‌ನ ಸಾಗರ, ಚಾಲಿ ಅಂಗಳ ಮತ್ತು ಆಲೆಮನೆ ಒಟ್ಟಿಗೆ ಬೇಕಾದರೆ ಫೆಬ್ರವರಿಯ ಶಿರಸಿ.

ಮಾರುಕಟ್ಟೆ ನೋಡುವ ಆಸೆಯಿದ್ದರೆ ಶುಕ್ರವಾರ ಒಂದು ದಿನ ರಜೆ ಹಾಕಿ. ಟೆಂಡರ್ ನಡೆಯುವುದು ಕೆಲಸದ ದಿನಗಳಲ್ಲಿ, ಭಾನುವಾರ ಯಾರ್ಡು ಬಿಕೋ ಎನ್ನುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು, ಕೋಕ: ದರಪಟ್ಟಿಯಲ್ಲಿ ಕಾಣುವ ಈ ಹೆಸರುಗಳ ಮಾಲನ್ನು ಅಕ್ಕಪಕ್ಕ ಇಟ್ಟು ನೋಡಲು ಅದೊಂದೇ ಜಾಗ. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತೋಟಗಾರ್ಸ್ ಸೊಸೈಟಿ, ಅಂದರೆ 1923ರಲ್ಲಿ ಶುರುವಾದ ಟಿಎಸ್ಎಸ್, ಎಪಿಎಂಸಿ ಆವರಣದಲ್ಲೇ ದೊಡ್ಡ ಸೂಪರ್ ಮಾರ್ಕೆಟ್ ನಡೆಸುತ್ತದೆ. ರೈತರು ಅಡಿಕೆ ಹಾಕಿ ಮನೆಸಾಮಾನು ಒಯ್ಯುವ ಆ ಏರ್ಪಾಡು ನೋಡಿದರೆ ಊರಿನ ಲೆಕ್ಕಾಚಾರ ಅರ್ಥವಾಗುತ್ತದೆ. ವಾರದ ಸಂತೆಗಳೂ ವಾರಾಂತ್ಯಕ್ಕೆ ಬೀಳುವುದಿಲ್ಲ. ಶಿರಸಿಯದ್ದು ಮಂಗಳವಾರ, ಸಾಗರದ್ದು ಗುರುವಾರ.

ನಾಲ್ಕನೆಯದು: ಉಳಿಯುವ ಜಾಗ ಗೊತ್ತುಮಾಡುವಾಗ ಕೇಳಬೇಕಾದದ್ದು

‘ಸಾಗರದ ಹತ್ತಿರ’ ಎಂದು ಹಾಕಿಕೊಂಡ ಹೋಮ್‌ಸ್ಟೇ ಶರಾವತಿ ಹಿನ್ನೀರಿನ ಆಚೆ 40 ಕಿಲೋಮೀಟರ್ ದೂರದಲ್ಲಿರಬಹುದು. ‘ಶಿರಸಿ ಬಳಿ’ ಅನ್ನುವುದು ಯಲ್ಲಾಪುರ ತಾಲ್ಲೂಕಿನಲ್ಲಿರಬಹುದು. ಫೋನು ಮಾಡಿ ಹಳ್ಳಿಯ ಹೆಸರು, ಪಂಚಾಯಿತಿಯ ಹೆಸರು ಕೇಳಿ, ಬಸ್‌ಸ್ಟ್ಯಾಂಡಿನಿಂದ ಎಷ್ಟು ಹೊತ್ತು ಎಂದು ಕೇಳಿ. ಇಲ್ಲಿ ಕಿಲೋಮೀಟರಿಗಿಂತ ಹೊತ್ತು ಮುಖ್ಯ. ಗುಡ್ಡಗಾಡಿನ ರಸ್ತೆಯಲ್ಲಿ ಗಂಟೆಗೆ 30–35 ಕಿಲೋಮೀಟರ್ ಹಿಡಿದರೆ ಲೆಕ್ಕ ಸರಿಬರುತ್ತದೆ.

ಆಮೇಲೆ ಕೊನೆಯ ಒಂದೆರಡು ಕಿಲೋಮೀಟರ್ ಟಾರು ಇದೆಯೋ ಮಣ್ಣು ರಸ್ತೆಯೋ ಕೇಳಿ. ಮಳೆಗಾಲದಲ್ಲಿ ಮಣ್ಣು ರಸ್ತೆಯ ಏರಿನಲ್ಲಿ ತಗ್ಗಿನ ಕಾರು ಜಾರುತ್ತದೆ, ಬಹಳ ಮನೆಯವರು ತಮ್ಮ ಜೀಪು ಕಳಿಸುತ್ತಾರೆ, ಕೇಳಿದರೆ ಮಾತ್ರ. ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇಲ್ಲ, ಇದ್ದರೂ ಒಂದೇ ಕಂಪನಿಯದ್ದು, ಕರೆಂಟು ಹೋದರೆ ಅದೂ ಹೋಗುತ್ತದೆ. ದಾರಿಯನ್ನು ಮ್ಯಾಪಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಎರಡು ದಿನದ ಖರ್ಚಿನ ನಗದು ಪೇಟೆಯಲ್ಲೇ ತೆಗೆದಿಟ್ಟುಕೊಳ್ಳಿ, ಹಳ್ಳಿಯಲ್ಲಿ ಯುಪಿಐ ಆಗಲಿಲ್ಲವೆಂದು ಮನೆಯವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ತೋಟದ ಮನೆಗಳಲ್ಲಿ ಬಹಳಷ್ಟು ಹವ್ಯಕ ಬ್ರಾಹ್ಮಣರವು. ಊಟ ಸಸ್ಯಾಹಾರ, ಕೆಲವು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮೀನು, ಕೋಳಿ ಬೇಕೆಂದಿರುವವರು ಪೇಟೆಯ ಲಾಡ್ಜಿನಲ್ಲಿ ಉಳಿಯುವುದೇ ಸರಿ. ತಂಬುಳಿ, ಅಪ್ಪೆಹುಳಿ, ಕೆಸುವಿನ ಸೊಪ್ಪಿನ ಪತ್ರೊಡೆ ಹೋಟೆಲಿನಲ್ಲಿ ಸಿಗುವುದು ಅಪರೂಪ. ಅವುಗಳ ಆಸೆಯಿದ್ದರೆ ಮನೆಯೂಟವೇ ದಾರಿ, ಯಾವುದು ಬೇಕೆಂದು ಹಿಂದಿನ ದಿನವೇ ಹೇಳಿ.

ತೋಟಕ್ಕೆ ಇಳಿಯುವಾಗ ಮನೆಯವರಲ್ಲಿ ಯಾರಾದರೂ ಜೊತೆಗಿರಲಿ. ಹರವಿದ ಅಡಿಕೆಯ ಮೇಲೆ ಚಪ್ಪಲಿ ಕಾಲಿಡಬೇಡಿ, ಫೋಟೋಕ್ಕೆಂದು ಕೊನೆ ಮುರಿಯಬೇಡಿ, ಮೆಣಸಿನ ಬಳ್ಳಿ ಜಗ್ಗಬೇಡಿ. ಒಂದು ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು.

ಐದನೆಯದು: ದಿನ ಹಂಚಿಕೊಳ್ಳುವುದು

ಸಾಗರಕ್ಕೆ ಬಂದರೆ ಶನಿವಾರ ಬೆಳಿಗ್ಗೆ ರೂಮಿನಲ್ಲಿ ಸ್ನಾನ, ತಿಂಡಿ ಮುಗಿಸಿ ಒಂಬತ್ತಕ್ಕೆ ಇಕ್ಕೇರಿ. ಪೇಟೆಯಿಂದ ಸುಮಾರು ಆರು ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನ, ಎದುರಿಗೆ ಬೇರೆಯೇ ಮಂಟಪದಲ್ಲಿ ಕೂತ ದೊಡ್ಡ ನಂದಿ. ಇಟಲಿಯ ಪ್ರವಾಸಿ ಪಿಯೆತ್ರೋ ಡೆಲ್ಲಾ ವಾಲ್ಲೆ 1623ರಲ್ಲಿ ಬಂದಾಗ ಇದು ಕೆಳದಿ ಅರಸರ ರಾಜಧಾನಿ, ಈಗ ದೇವಸ್ಥಾನದ ಸುತ್ತ ಹಳ್ಳಿ ಮಾತ್ರ. ಒಂದು ಗಂಟೆ ಸಾಕು. ಅಲ್ಲಿಂದ ಪೇಟೆ ದಾಟಿ ಇನ್ನೊಂದು ದಿಕ್ಕಿಗೆ ಕೆಳದಿ. ರಾಮೇಶ್ವರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ, ಕತ್ತೆತ್ತಿ ನೋಡದೆ ಹೊರಬರುವವರು ಬಹಳ ಜನ. ವಸ್ತುಸಂಗ್ರಹಾಲಯದ ಓಲೆಗರಿ, ಕಾಗದಪತ್ರ ನೋಡುವ ಆಸಕ್ತಿ ಇದ್ದರೆ ಭಾನುವಾರಕ್ಕೆ ಇಟ್ಟುಕೊಳ್ಳದೆ ಶನಿವಾರವೇ ಹೋಗಿ.

ಊಟ ಮುಗಿಸಿ ಹೆಗ್ಗೋಡು. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಇಲ್ಲಿದೆ. ಇದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಮಂದಿರ ಖಾಲಿಯಿದ್ದಾಗ ಹೋದರೆ ಕಟ್ಟಡ ನೋಡಿ ಬರಬಹುದು ಅಷ್ಟೇ, ನಾಟಕ ಇರುವ ದಿನ ನೋಡಿಕೊಂಡು ರಜೆ ಹಾಕಿದರೆ ಬಂದ ಶ್ರಮ ಸಾರ್ಥಕ. ಅಲ್ಲೇ ಹತ್ತಿರದ ಭೀಮನಕೋಣೆಯಲ್ಲಿ ‘ಚರಕ’ದ ಕೈಮಗ್ಗ. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಅಡಿಕೆ ಬೇಯಿಸುವ ಹಂಡೆಗೂ ಇಲ್ಲಿ ಕೊಳ್ಳುವ ಅಂಗಿಗೂ ಇರುವ ನಂಟು ಅದು. ಹೊತ್ತು ಉಳಿದರೆ ವರದಾಮೂಲ. ಇಲ್ಲಿ ಹುಟ್ಟುವ ವರದಾ ನದಿಯೇ ಮುಂದೆ ಬನವಾಸಿಯನ್ನು ಬಳಸಿ ಹರಿಯುತ್ತದೆ.

ಭಾನುವಾರ ಬೆಳಿಗ್ಗೆ ಬೇಗ ಜೋಗ. ಹತ್ತು ಗಂಟೆಯ ನಂತರ ವಾಹನಗಳ ಸಾಲು ಶುರು. ಇಲ್ಲಿ ಕಾಮಗಾರಿ ನಡೆಯುತ್ತಿರುವುದರಿಂದ ಕೆಲವೊಮ್ಮೆ ಪ್ರವೇಶ ನಿರ್ಬಂಧಿಸಿದ್ದೂ ಇದೆ, ಹಿಂದಿನ ದಿನ ಸಾಗರದಲ್ಲಿ ಕೇಳಿಕೊಳ್ಳಿ. ಕೆಳಗಿಳಿಯುವ ಮೆಟ್ಟಿಲು ತೆರೆದಿದ್ದರೆ ಇಳಿಯುವುದು ಸುಲಭ, ಹತ್ತುವುದಕ್ಕೆ ಇಳಿದ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಮೊಣಕಾಲು ನೋವಿರುವವರು ಇಳಿಯದಿದ್ದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಾಣುವುದು ಮೇಲಿನಿಂದಲೇ. ರೈಲಿನಲ್ಲಿ ಹಿಂತಿರುಗುವವರು ಜೋಗಕ್ಕೆ ಹೊರಡುವಾಗಲೇ ರೂಮು ಖಾಲಿ ಮಾಡಿ ಗಂಟುಮೂಟೆ ಜೊತೆಗೇ ಒಯ್ಯಿರಿ. ರಾತ್ರಿ ರೈಲು ಹೊರಡುವ ತಾಳಗುಪ್ಪ ಜೋಗಕ್ಕೆ ಹತ್ತಿರ, ಮತ್ತೆ ಸಾಗರಕ್ಕೆ ಬರಬೇಕಾಗಿಲ್ಲ. ಹತ್ತುವ ನಿಲ್ದಾಣ ತಾಳಗುಪ್ಪ ಎಂದೇ ಟಿಕೆಟ್ ಮಾಡಿರಬೇಕು ಅಷ್ಟೆ.

ಸಿಗಂದೂರು ಈ ಪಟ್ಟಿಯಲ್ಲಿ ಇಲ್ಲ. 2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ, ಅದರ ಜೊತೆಗೇ ಜನ ಹೆಚ್ಚಿದ್ದಾರೆ. ಹರಕೆ ಇದ್ದವರು ಅದಕ್ಕೆ ಅರ್ಧ ದಿನ ತೆಗೆದಿಟ್ಟು, ಕೆಳದಿಯನ್ನೋ ಹೆಗ್ಗೋಡನ್ನೋ ಬಿಡಬೇಕು.

ಶಿರಸಿಯಲ್ಲಿ ದಿನ ಹಂಚುವ ಸೂತ್ರ ಬೇರೆ: ದಿನಕ್ಕೊಂದು ದಿಕ್ಕು. ಊರು ನಡುವೆ, ಜಾಗಗಳು ಸುತ್ತ. ಒಂದರಿಂದ ಇನ್ನೊಂದಕ್ಕೆ ಹೋಗಲು ಹೆಚ್ಚಿನ ಸಲ ಊರಿಗೆ ಬಂದೇ ಹೋಗಬೇಕು.

ಶನಿವಾರ ಬೆಳಿಗ್ಗೆ ಮಾರಿಕಾಂಬಾ ಗುಡಿ. ಎಂಟು ಕೈಗಳ, ಏಳಡಿ ಎತ್ತರದ ಮರದ ಮೂರ್ತಿ. ಹೊರಬರುವಾಗ ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ನಿಂತು ನೋಡಿ. ಇಲ್ಲಿ ಕೋಣನ ಬಲಿ ನಿಂತದ್ದನ್ನು 1934ರ ಗಾಂಧೀಜಿಯ ಭೇಟಿಯೊಂದಿಗೆ ಸೇರಿಸಿ ಊರು ನೆನೆಯುತ್ತದೆ. ಅಲ್ಲಿಂದ ಯಲ್ಲಾಪುರ ರಸ್ತೆಯಲ್ಲಿ ಸಹಸ್ರಲಿಂಗ. ಸೋಂದೆಯ ಅರಸರ ಕಾಲದ ಕೆತ್ತನೆ, ಹೊಳೆಯ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ. ಪಾಚಿ ಹಿಡಿದ ಕಲ್ಲು ಜಾರುತ್ತದೆ. ಬರಿಗಾಲಿಗಿಂತ ಒಳ್ಳೆಯ ಹಿಡಿತದ ಚಪ್ಪಲಿ ವಾಸಿ, ಆದರೆ ಲಿಂಗಗಳ ಮೇಲೆ ಕಾಲಿಡದಂತೆ ದಾರಿ ನೋಡಿಕೊಂಡು ನಡೆಯಬೇಕು. ಶಿವರಾತ್ರಿಯ ದಿನ ಜನಸಾಗರ. ಅದೇ ದಿಕ್ಕಿನಲ್ಲಿ ಸೋಂದೆಯ ವಾದಿರಾಜ ಮಠ. ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಮುಟ್ಟುವಂತೆ ಹೊರಟರೆ ಊಟದ ಚಿಂತೆ ಇಲ್ಲ. ಸ್ವರ್ಣವಲ್ಲಿ ಮಠವೂ, ಸೋಂದೆಯ ಜೈನ ಮಠವೂ ಈ ಕಡೆಯೇ. ಇಷ್ಟು ಮಾಡಿದರೆ ದಿನ ತುಂಬುತ್ತದೆ.

ಭಾನುವಾರಕ್ಕೆ ಮೂರರಲ್ಲಿ ಒಂದು. ಬನವಾಸಿ ಸುಮಾರು 24 ಕಿಲೋಮೀಟರ್, ರಸ್ತೆ ಸಲೀಸು, ವಯಸ್ಸಾದವರ ಜೊತೆ ಬಂದರೆ ಇದೇ ಸರಿ. ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನ, ಒಳಗಿನ ಕಲ್ಲಿನ ಮಂಚವನ್ನು ತಪ್ಪಿಸಬೇಡಿ. ಯಾಣ 40 ಕಿಲೋಮೀಟರ್ ಆಸುಪಾಸು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಬಂಡೆಗಳು. ಶಿರಸಿ ಕಡೆಯಿಂದ ಬಂದರೆ ನಡಿಗೆ ಕಡಿಮೆ, ಕೊನೆಗೆ ಮೆಟ್ಟಿಲು. ಮೂರನೆಯದು ಉಂಚಳ್ಳಿ, ಅಘನಾಶಿನಿ 116 ಮೀಟರ್ ಧುಮುಕುವ ಜಾಗ, ಸುಮಾರು 35 ಕಿಲೋಮೀಟರ್. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಚೆಂದ. ರಾತ್ರಿ ಬಸ್ಸು ಹಿಡಿಯುವವರು ಯಾವ ಕಡೆ ಹೋದರೂ ಮಧ್ಯಾಹ್ನ ಮೂರಕ್ಕೆ ಊರಿನ ಕಡೆ ಮುಖ ಮಾಡಬೇಕು.

ಕೊಂಡೊಯ್ಯುವ ಸಾಮಾನು

ಜೋನಿ ಬೆಲ್ಲ ಕೊಳ್ಳುವವರು ಡಬ್ಬಿ ಮನೆಯಿಂದಲೇ ತನ್ನಿ, ಅಗಲ ಬಾಯಿಯದ್ದು. ಅಂಚಿನವರೆಗೆ ತುಂಬಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಪಾಕ ಎಳೆಯದಾಗಿದ್ದು ನೀರಿನಂಶ ಉಳಿದಿದ್ದರೆ ಬಿಸಿಲಿನಲ್ಲಿ ಹುಳಿಬಂದು ಉಕ್ಕುತ್ತದೆ, ಗಾಜಿನ ಸೀಸೆಯಾದರೆ ಒಡೆಯಲೂಬಹುದು. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಬಹಳ ದಿನ ಬರುತ್ತದೆ. ತೊಡೆದೇವು ಕಾಗದದಷ್ಟು ತೆಳು. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟನ್ನು ಬೋರಲು ಹಾಕಿದ ಮಡಕೆಯ ಮೇಲೆ ಬಳಿದು ತೆಗೆಯುವುದು. ಬ್ಯಾಗಿನಲ್ಲಿ ತುರುಕಿದರೆ ಪುಡಿಯಾಗುತ್ತದೆ, ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಸಿ ಅಪ್ಪೆಮಿಡಿ ಕೊಳ್ಳುವುದಾದರೆ ತೊಟ್ಟು ಇರುವುದನ್ನೇ ಆರಿಸಿ. ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳವೂ ಹೋಗುತ್ತದೆ, ಉಪ್ಪಿನಕಾಯಿ ಮೆತ್ತಗಾಗುತ್ತದೆ. ಕಾಳುಮೆಣಸನ್ನು ಒಂದು ಚಿಟಿಕೆ ನೀರಿಗೆ ಹಾಕಿ ನೋಡಿ, ತುಂಬಿದ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಮುರುಗಲು ಸಿಪ್ಪೆ, ವಾಟೆಹುಳಿ, ಹಲಸಿನ ಹಪ್ಪಳ ಎರಡೂ ಊರಿನಲ್ಲಿ ಸಿಗುತ್ತವೆ. ಮರದ ಕೆತ್ತನೆ ಬೇಕಾದರೆ ಸಾಗರ, ಗುಡಿಗಾರರ ಕೆಲಸಕ್ಕೆ ಹೆಸರಾದ ಊರು. ಶ್ರೀಗಂಧದ್ದೆಂದು ಹೇಳಿ ಕೊಟ್ಟರೆ ಬಿಲ್ಲು ಕೇಳಿ ಪಡೆಯಿರಿ.

ಉಂಬಳ, ಉಣುಗು

ಮಳೆಗಾಲದ ಉಂಬಳಕ್ಕೆ (ಜಿಗಣೆ) ಹೆದರುವ ಅಗತ್ಯವಿಲ್ಲ. ಉಪ್ಪನ್ನೋ ಸುಣ್ಣವನ್ನೋ ಸಣ್ಣ ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡು, ಹತ್ತಿದಾಗ ಮುಟ್ಟಿಸಿದರೆ ಬಿಡುತ್ತದೆ. ಕಿತ್ತರೆ ಗಾಯ ತುರಿಸುತ್ತದೆ.

ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ (ಉಣ್ಣೆ), ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಹಾನಿಯಾಯಿತು, ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿನ ಕಾಲುದಾರಿ, ಒಣ ಎಲೆಯ ರಾಶಿ, ಸೊಪ್ಪಿನ ಬೆಟ್ಟ ಹೊಕ್ಕುವುದನ್ನು ಬಿಡಿ. ಹೋಗಲೇಬೇಕಾದರೆ ತುಂಬು ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಮನೆಗೆ ಹಿಂತಿರುಗಿದ ವಾರ, ಹತ್ತು ದಿನದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿಬಂದದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ತಾನಾಗಿ ಅದು ಹೊಳೆಯಲಿಕ್ಕಿಲ್ಲ.

ಎರಡೂ ಕಡೆ ರೂಮು ಸಿಗದಿದ್ದರೆ

ದೀರ್ಘ ರಜೆಗಳಲ್ಲಿ ಹೀಗಾಗುತ್ತದೆ. ಆಗ ಸಿದ್ದಾಪುರದಲ್ಲಿ ವಿಚಾರಿಸಿ. ಶಿರಸಿಗೆ ಅಲ್ಲಿಂದ ಸುಮಾರು 36 ಕಿಲೋಮೀಟರ್, ಜೋಗಕ್ಕೆ 20ರ ಆಸುಪಾಸು. ಪೇಟೆ ಸಣ್ಣದು, ಲಾಡ್ಜುಗಳು ಕಡಿಮೆ, ರಾತ್ರಿ ಊಟದ ಹೋಟೆಲು ಬೇಗ ಮುಚ್ಚುತ್ತದೆ. ಎಂಟರೊಳಗೆ ಉಂಡು ಬಿಡಿ.